ಗಣಕಧರ್ಮ, ಸಂಪುಟ ಮೂರು

ಕುದಿಯುತ್ತಿರುವ ಮೈದಾ ಅಂಟಿಗೆ ಮೈಲುತುತ್ತದ ಪುಡಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ನನ್ನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆಯಿತು. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಹುಳ ಹಿಡಿಯದಿರಲಿ ಎಂದು ಅಂಟಿಗೆ ಆ ನೀಲಿ ಪುಡಿ ಹಾಕುತ್ತಿದ್ದರು. ವಿಷದ ಪಾತ್ರೆ ಎಂದು ಅಮ್ಮ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮುಂದೆ ನಾನು ಬಿ.ಎ. ಮುಗಿಸಿ, ಗ್ರಂಥಾಲಯ ವಿಜ್ಞಾನ ಓದಿ, ಕಾಲೇಜಿನ ನಿಯತಕಾಲಿಕಗಳ ಕೋಣೆಗೆ ಕೆಲಸಕ್ಕೆ ಹೋದ ಮೊದಲ ದಿನ ಅದೇ ವಾಸನೆ ಬಾಗಿಲಲ್ಲಿ ಎದುರಾಯಿತು. ಅಲ್ಲಿ ಮೂವತ್ತೊಂದು ವರ್ಷ ಇದ್ದೆ. ಬಂದ ಪತ್ರಿಕೆಗಳನ್ನು ದಾಖಲಿಸಿ, ಯಾವ ವಿಷಯಕ್ಕೆ ಸೇರುತ್ತದೆಂದು ಕಾರ್ಡು ಬರೆಸಿ, ವರ್ಷ ತುಂಬಿದ ಮೇಲೆ ಒಟ್ಟಿಗೆ ಕಟ್ಟಿಸಿ ಕಪಾಟಿಗೆ ಸೇರಿಸುವುದು ನನ್ನ ಕೆಲಸ.

ನಿವೃತ್ತಳಾಗಿ ಹದಿಮೂರು ವರ್ಷದ ಮೇಲೆ ಆ ಕೋಣೆಗೆ ಮತ್ತೆ ಹೋಗಬೇಕಾಗಿ ಬಂದದ್ದು ತಂಗಿಯ ಮಗಳಿಗಾಗಿ.

ಅವಳು ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಹತ್ತೊಂಬತ್ತು ವರ್ಷದ ಸೇವೆ. ಎರಡು ವರ್ಷದ ಹಿಂದೆ ಅಲ್ಲಿ ಸಹಿ ಪುಸ್ತಕ ತೆಗೆದು ಬೆರಳು ಒತ್ತುವ ಯಂತ್ರ ಇಟ್ಟರು. ದಿನಕ್ಕೆ ನೂರು ಸಲ ಔಷಧದ ನೀರಿನಲ್ಲಿ ಕೈ ತೊಳೆದೂ ತೊಳೆದೂ ಅವಳ ಬೆರಳತುದಿಯ ಗೆರೆಗಳು ಸವೆದುಹೋಗಿದ್ದವು. ಯಂತ್ರ ಒಮ್ಮೆ ಗುರುತು ಹಿಡಿದರೆ ಮೂರು ಸಲ ಹಿಡಿಯುತ್ತಿರಲಿಲ್ಲ. ವಾರ್ಡಿನಲ್ಲಿ ರೋಗಿಗಳು ಕಾಯುತ್ತಿರುವಾಗ ಎಷ್ಟು ಹೊತ್ತು ಅದರ ಮುಂದೆ ನಿಂತಿರುವುದು? ಒತ್ತಿ ಓಡುತ್ತಿದ್ದಳು. ವರ್ಷ ಮುಗಿಯುವಾಗ, ನಲವತ್ತೊಂದು ದಿನ ಗೈರುಹಾಜರಿ ಎಂದು ನೋಟಿಸು ಬಂತು. ಆ ಅಷ್ಟೂ ದಿನ ರೋಗಿಗಳ ಔಷಧಿ ಚಾರ್ಟಿನಲ್ಲಿ ಅವಳ ಸಹಿ ಇತ್ತು. "ಸಹಿ ಯಾರು ಬೇಕಾದ್ರೂ ಹಾಕಬಹುದು," ಎಂದರು ವಿಚಾರಣಾ ಸಮಿತಿಯ ಅಧ್ಯಕ್ಷರು. "ಯಂತ್ರಕ್ಕೆ ನಿಮ್ಮ ಮೇಲೆ ಹಗೆ ಇಲ್ಲವಲ್ಲ. ಅದು ಹೀಗೆ ತಪ್ಪುತ್ತೆ ಅಂತ ತಿಳಿದವರು ಬರೆದಿದ್ರೆ ತನ್ನಿ. ಮೊಬೈಲಲ್ಲಿ ತೋರಿಸಬೇಡಿ, ಅದರಲ್ಲಿ ಹುಚ್ಚರೂ ಬರೀತಾರೆ. ಅಚ್ಚಾದ ಪತ್ರಿಕೆ ಬೇಕು, ಸಂಪುಟ, ಸಂಚಿಕೆ, ಲೈಬ್ರರಿ ಮೊಹರು, ಎಲ್ಲ ಇರಬೇಕು." ತರದಿದ್ದರೆ ಕೆಲಸದಿಂದ ವಜಾ. ವಿಚಾರಣೆ ಮರುದಿನ ಹನ್ನೊಂದಕ್ಕೆ.

"ದೊಡ್ಡಮ್ಮ, ಅಷ್ಟು ವರ್ಷ ಆ ಧೂಳು ಕುಡಿದಿದ್ದೀಯಲ್ಲ," ಎಂದಳು ಬಸ್ಸಿಳಿದು ನಡೆಯುವಾಗ. "ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬರುತ್ತಾ ನೋಡೋಣ."

"ಇಂಥ ವಿಷಯಕ್ಕೇ ಪತ್ರಿಕೆಗಳಿರುತ್ತವೆ. ಕಂಪ್ಯೂಟರು ಮನುಷ್ಯರಿಗೆ ಮಾಡೋ ನ್ಯಾಯ ಅನ್ಯಾಯದ ಬಗ್ಗೆ."

"ಇರುತ್ತವೆ ಅಂದ್ರೆ ಆಗಲ್ಲ. ಐದಕ್ಕೆ ಲೈಬ್ರರಿ ಮುಚ್ಚೋದರೊಳಗೆ ಕೈಗೆ ಸಿಗಬೇಕು."

ನಾಲಿಗೆ ಹಾಗೆ ಹರಿತವಾಗಿದ್ದರೂ, ನನ್ನ ಕೈಚೀಲ ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಗೇಟಿನ ಕಾವಲುಗಾರ ನನ್ನ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದ. "ಬರ್ತಿಲ್ಲ ಅಮ್ಮ. ನೀವು ಇಲ್ಲ."

"ನಿನ್ನ ಎದುರಿಗೇ ನಿಂತಿದ್ದೀನಲ್ಲಪ್ಪ."

"ನಿಂತಿದ್ದೀರ. ಇದರಲ್ಲಿ ಇಲ್ಲ."

"ಇಲ್ಲೂ ಇದೇ ಶನಿ," ಎಂದು ತಂಗಿಯ ಮಗಳು ಹಲ್ಲು ಕಡಿದಳು. ಕಾವಲುಗಾರ ಒಳಗೆ ಫೋನು ಮಾಡಿದ. ಉತ್ತರ ಬರುವಷ್ಟರಲ್ಲಿ ತಾನು ಕೂರುವ ಕುರ್ಚಿಯನ್ನು ನೆರಳಿಗೆ ಎಳೆದು ನನಗೆ ಕೊಟ್ಟು ಬಿಸಿಲಲ್ಲಿ ನಿಂತ.

ಈಗಿನ ಮುಖ್ಯ ಗ್ರಂಥಪಾಲಕಿ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಸಹಾಯಕಿಯಾಗಿ ಸೇರಿದವರು. ಎಲ್ಲರೂ ಅವರನ್ನು ಕಂಪ್ಯೂಟರಮ್ಮ ಎನ್ನುತ್ತಿದ್ದರು. ಪ್ರೀತಿಯ ಹೆಸರು ಎಂದೇ ನನ್ನ ತಿಳಿವಳಿಕೆ. ಹೇಗೆ ಬಂತೋ ನೆನಪಿರಲಿಲ್ಲ.

"ಏನೇ ಕಂಪ್ಯೂಟರಮ್ಮ, ಚೆನ್ನಾಗಿದ್ದೀಯಾ?" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ನಾನೀಗ ಇಲ್ಲಿ ಮುಖ್ಯಸ್ಥೆ. 'ನೀವು' ಅಂದ್ರೆ ಮಾತಾಡೋಣ. ಆಗಲ್ಲ ಅಂದ್ರೆ ಬೆಂಚಿದೆ, ಕೂತಿರಿ. ಐದಕ್ಕೆ ಬಾಗಿಲು ಹಾಕ್ತೀವಿ."

ನಾನು ಕೈಮುಗಿದು, ನೀವು ಎಂದು ಬಹುವಚನದಲ್ಲೇ ಬಂದ ಕಾರಣ ಹೇಳಿದೆ. ಅವರು ತಂಗಿಯ ಮಗಳ ಕಡೆ ನೋಡಲಿಲ್ಲ. ಮೂಲೆಯ ಕಂಪ್ಯೂಟರನ್ನು ಗಲ್ಲದಿಂದ ತೋರಿಸಿದರು. "ಎಲ್ಲ ಅದರಲ್ಲಿದೆ. ಹುಡುಕಿಕೊಳ್ಳಿ."

ತಂಗಿಯ ಮಗಳು 'ಬೆರಳಚ್ಚು' ಎಂದು ಕುಟ್ಟಿದಳು. ಇನ್ನೂರಕ್ಕೂ ಹೆಚ್ಚು ಹೆಸರುಗಳು ಬಂದವು. ಅವಳ ಮುಖ ಅರಳಿತು, ಓದುತ್ತಾ ಓದುತ್ತಾ ಬಾಡಿತು. ಎಲ್ಲವೂ ಟೈಪಿಂಗ್ ಪರೀಕ್ಷೆಯ ಮಾಸಪತ್ರಿಕೆಗಳ ಸಂಚಿಕೆಗಳು.

"ಅದನ್ನೂ ಓದಿಟ್ಟುಕೊಳ್ಳಿ," ಎಂದರು ಮುಖ್ಯ ಗ್ರಂಥಪಾಲಕಿ ತಲೆಯೆತ್ತದೆ. "ನರ್ಸ್ ಕೆಲಸ ಹೋದ್ರೆ ಟೈಪಿಂಗ್ ಇದ್ದೇ ಇದೆ."

ತಂಗಿಯ ಮಗಳು ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

ಕಂಪ್ಯೂಟರ್ ವಿಭಾಗದ ಕಪಾಟಿನಲ್ಲಿ ಒಂಬತ್ತು ಪತ್ರಿಕೆಗಳಿದ್ದವು. ಅವುಗಳನ್ನು ಮೇಜಿನ ಮೇಲೆ ಹರಡಿಕೊಂಡೆವು. ಅವಳು ಮುಖಪುಟ ನೋಡಿ ಒಂದೊಂದನ್ನೇ ಮೊದಲಿನಿಂದ ಓದಲು ಹೊರಟಳು.

"ಹಾಗೆ ಓದಿದ್ರೆ ಮಳೆಗಾಲ ಮುಗಿಯುತ್ತೆ," ಎಂದೆ. "ಮೊದಲು ಹಿಂಬದಿ ನೋಡು. ಯಾರ ಜಾಹೀರಾತಿದೆ?"

"ಥಂಬ್ ಮಷೀನ್ ಮಾರೋನದು."

"ಅವನ ಅನ್ನ ತಿನ್ನೋ ಪತ್ರಿಕೆ ಅವನನ್ನ ಬೈಯುತ್ತಾ? ಪಕ್ಕಕ್ಕಿಡು. ಆಮೇಲೆ ಓದುಗರ ಪತ್ರ ನೋಡು. ಹೋದ ಸಂಚಿಕೆಯನ್ನ ತಪ್ಪು ಅನ್ನೋ ಒಂದು ಪತ್ರವಾದ್ರೂ ಇರಬೇಕು. ಎಲ್ಲರೂ ಹೊಗಳಿದ್ರೆ ಅದು ಪತ್ರಿಕೆ ಅಲ್ಲ, ಅಂಗಡಿ ಬೋರ್ಡು."

"ನಿನ್ನ ಕೆಲಸದಲ್ಲೂ ಜಗಳಾನೇ ಹುಡುಕೋದಾ?"

"ಜಗಳ ಇದ್ದಲ್ಲಿ ಯಾರೋ ಯೋಚನೆ ಮಾಡಿರ್ತಾರೆ."

ಏಳು ಪತ್ರಿಕೆಗಳು ಹಾಗೆ ಪಕ್ಕಕ್ಕೆ ಹೋದವು. ಎಂಟನೆಯದು ಬರೀ ಸಮಾರಂಭಗಳ ವರದಿ. ಒಂಬತ್ತನೆಯದು ತೆಳ್ಳಗಿನದು, ಒರಟು ಕಾಗದ. ಅದರ ಪತ್ರಗಳ ಪುಟದಲ್ಲಿ ಇಬ್ಬರು ಕೋಳಿ ಹುಂಜಗಳ ಹಾಗೆ ಕಾದಾಡಿದ್ದರು. ಯಂತ್ರ ಗುರುತಿಸದ ಬೆರಳು ಲಕ್ಷಕ್ಕೊಂದು ಎಂದು ಒಬ್ಬರು. ದುಡಿಯುವ ಕೈಗಳನ್ನು ನೀವು ಎಣಿಸಿಯೇ ಇಲ್ಲ ಎಂದು ಇನ್ನೊಬ್ಬರು. ಆ ಎರಡನೆಯ ಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಆಧಾರ ಕೊಟ್ಟಿತ್ತು. ನಾನು ಭೂತಗನ್ನಡಿ ಹಿಡಿದು ಓದಿದೆ: ಹೆಂಚಿನ ಕಾರ್ಖಾನೆಯ ಬೆರಳುಗಳು, ಗಣಕಧರ್ಮ, ಸಂಪುಟ ಮೂರು, ಸಂಚಿಕೆ ಎರಡು.

ಮೂಲೆಯ ಯಂತ್ರದಲ್ಲಿ ಪತ್ರಿಕೆಯ ಹೆಸರನ್ನು ಒಂದೊಂದೇ ವಿಭಾಗ ಆರಿಸಿ ಹುಡುಕಬೇಕಿತ್ತು. ತಂಗಿಯ ಮಗಳು ಕಂಪ್ಯೂಟರ್ ವಿಭಾಗದಲ್ಲಿ ಹುಡುಕಿದಳು. ಇಲ್ಲ. ಸಮಾಜ ವಿಭಾಗದಲ್ಲಿ ಹುಡುಕಿದಳು, ಇಲ್ಲ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ನಾನು ಮುಖ್ಯ ಗ್ರಂಥಪಾಲಕಿಯ ಮೇಜಿಗೆ ಹೋಗಿ ಕೇಳಿದೆ. "ಗಣಕಧರ್ಮ ಅನ್ನೋ ಪತ್ರಿಕೆ ನಮ್ಮಲ್ಲಿಗೆ ಯಾವಾಗಾದ್ರೂ ಬರ್ತಿತ್ತಾ?"

ಅವರು ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದರು. "ಬರ್ತಿತ್ತು. ಐದು ವರ್ಷ ಬಂತು."

"ಈಗೆಲ್ಲಿದೆ?"

"ನೀವು ಇಟ್ಟ ಜಾಗದಲ್ಲಿ."

ನನಗೆ ಅರ್ಥವಾಗಲಿಲ್ಲ. ಅವರು ಎದ್ದು, ಯಾರೂ ಮುಟ್ಟದ ಹಳೆಯ ಕಾರ್ಡುಗಳ ಬೀರುವಿನಿಂದ ಒಂದು ಖಾನೆ ಎಳೆದರು. ಹುಡುಕಲಿಲ್ಲ. ಕೈ ನೇರ ಆ ಕಾರ್ಡಿಗೇ ಹೋಯಿತು. ತಂದು ನನ್ನ ಮುಂದಿಟ್ಟರು.

ಮೇಲೆ ಅವರ ಆಗಿನ ದುಂಡಕ್ಷರ: "ಗಣಕಧರ್ಮ. ವಿಷಯ: ಕಂಪ್ಯೂಟರ್ ಮತ್ತು ಸಮಾಜ." ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಕೆಳಗೆ, ಕೆಂಪಿನಲ್ಲೇ, ನನ್ನ ಕೈಬರಹ: "ವಿಷಯ: ಜ್ಯೋತಿಷ. ಗಣಕ ಎಂದರೆ ಜೋಯಿಸ. ಇನ್ನು ಮುಂದೆ ನಿಘಂಟು ನೋಡಿ ಬರೆ."

ಇಂದು ಗಣಕ ಎಂದರೆ ಕಂಪ್ಯೂಟರು ಎಂದು ಮಕ್ಕಳಿಗೂ ಗೊತ್ತು. ನಾನು ಓದಿದ ಹಳೆಯ ನಿಘಂಟಿನಲ್ಲಿ ಗಣಕ ಎಂದರೆ ಗ್ರಹಗಳ ಗಣಿತ ಮಾಡುವವನು.

"ಮುಖಪುಟದ ಮೇಲೆ ಚೌಕ, ಗೆರೆ, ಚುಕ್ಕಿ ಇತ್ತು," ಎಂದರು ಮುಖ್ಯ ಗ್ರಂಥಪಾಲಕಿ. "ಕಂಪ್ಯೂಟರಿನ ಒಳಗಿನ ಹಲಗೆಯ ಚಿತ್ರ. ನೀವು ಜಾತಕದ ಕುಂಡಲಿ ಅಂದ್ರಿ. ತೆರೆದು ನೋಡಿ ಮೇಡಂ ಅಂತ ಎರಡು ಸಲ ಅಂದೆ. ನೋಡಲಿಲ್ಲ. ಆರು ಜನರನ್ನ ಕರೆಸಿ ಈ ಕಾರ್ಡನ್ನ ಜೋರಾಗಿ ಓದಿದ್ರಿ. ಆಮೇಲೆ, 'ನೋಡ್ರಪ್ಪಾ, ನಮ್ಮ ಕಂಪ್ಯೂಟರಮ್ಮ ಬಂದಿದ್ದಾರೆ, ಜೋಯಿಸರನ್ನೆಲ್ಲ ಕಂಪ್ಯೂಟರ್ ಮಾಡ್ತಾರಂತೆ' ಅಂದ್ರಿ. ಇಪ್ಪತ್ತಾರು ವರ್ಷದಿಂದ ನನ್ನ ಹೆಸರು ಅದೇ. ಮದುವೆ ಉಡುಗೊರೆ ಮೇಲೂ ಅದನ್ನೇ ಬರೆದು ಕೊಟ್ರು."

"ದೊಡ್ಡಮ್ಮ," ಎಂದಳು ತಂಗಿಯ ಮಗಳು. "ನೀನಾ?"

"ನನಗೆ ನೆನಪೇ ಇರಲಿಲ್ಲ," ಎಂದೆ. ನಿಜವನ್ನೇ ಹೇಳಿದ್ದೆ. ಹೇಳಿದ ಮೇಲೆ ಅದಕ್ಕೇ ಹೆಚ್ಚು ನಾಚಿಕೆಯಾಯಿತು.

"ಹೊಡೆದ ಕೈಗೆ ಯಾಕೆ ನೆನಪಿರುತ್ತೆ, ಮೇಡಂ."

ತಂಗಿಯ ಮಗಳು ಅವರತ್ತ ತಿರುಗಿದಳು. "ತಪ್ಪು ಅಂತ ನಿಮಗೆ ಗೊತ್ತಿತ್ತಲ್ಲ. ಇಷ್ಟು ವರ್ಷದಲ್ಲಿ ತಿದ್ದಬಹುದಿತ್ತು."

"ಬಹುದಿತ್ತು. ಇವರು ನಿವೃತ್ತರಾದ ಮಾರನೇ ದಿನವೇ ತಿದ್ದಬಹುದಿತ್ತು. ಪ್ರತಿ ವರ್ಷ ಪುಸ್ತಕ ಎಣಿಸೋವಾಗ ಆ ಕಪಾಟಿನ ಮುಂದೆ ನಿಂತು ನೋಡ್ತಿದ್ದೆ. ಇರಲಿ, ಒಂದಿನ ಇವರಿಗೇ ಬೇಕಾಗುತ್ತೆ, ಹುಡುಕಲಿ ಅಂತ ಬಿಟ್ಟೆ."

"ಅದಕ್ಕೆ ನನ್ನ ಕೆಲಸ ಹೋಗಬೇಕಾ?"

"ಬರೋದು ನೀವು ಅಂತ ನನಗೇನು ಕನಸು ಬಿದ್ದಿತ್ತಾ?" ಹಾಗೆಂದರೂ ಆ ಮಾತಿಗೆ ಅವರ ದನಿ ಸ್ವಲ್ಪ ತಗ್ಗಿತು.

ಕೆಳಮಾಳಿಗೆಯಲ್ಲಿ, ಶಕುನಗಳ ಒಂದು ಮಾಸಿಕ ಮತ್ತು ಕನಸುಗಳ ಫಲ ಹೇಳುವ ಇನ್ನೊಂದು ಪತ್ರಿಕೆಯ ನಡುವೆ ಅದು ನಿಂತಿತ್ತು. ಬೆನ್ನಿನ ಮೇಲೆ ಚಿನ್ನದ ಅಕ್ಷರ: ಜ್ಯೋತಿಷ ೧೨. ತಂಗಿಯ ಮಗಳೇ ಏಣಿ ಹತ್ತಿ ತೆಗೆದಳು. ಏಣಿಯ ಮೇಲೆ ನಿಂತೇ ಪುಟ ತಿರುವಿದಳು.

ಬರೆದವರು ಒಂದು ಹೆಂಚಿನ ಕಾರ್ಖಾನೆಯ ವೈದ್ಯರು. ಅಲ್ಲಿ ಬೆರಳು ನೋಡಿ ತೆರೆಯುವ ಬಾಗಿಲನ್ನು ಪರೀಕ್ಷೆಗೆಂದು ಇಟ್ಟಿದ್ದರಂತೆ. ಮಣ್ಣು ತಿಕ್ಕಿದ ಕೈಗಳಿಗೆ ಅದು ತೆರೆಯಲಿಲ್ಲ. ಮೇಲ್ವಿಚಾರಕರ ಕೈಗಳಿಗೆ ತೆರೆಯಿತು. ಕೆಲಸಗಾರರು ಮೋಸ ಮಾಡುತ್ತಾರೆ ಎಂದರು ಯಜಮಾನರು. ವೈದ್ಯರು ಒಬ್ಬೊಬ್ಬರಿಂದಲೂ ಸಾಕ್ಷಿಗಳ ಮುಂದೆ ಹತ್ತು ಹತ್ತು ಸಲ ಒತ್ತಿಸಿ ಎಣಿಸಿದ್ದರು. ತಂಗಿಯ ಮಗಳು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: "ಯಂತ್ರಕ್ಕೆ ಗುರುತು ಸಿಗಲಿಲ್ಲ ಎಂಬುದು ಯಂತ್ರದ ಬಗ್ಗೆ ಸಿಕ್ಕ ಮಾಹಿತಿ, ಮನುಷ್ಯ ಅಲ್ಲಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ." ಆಮೇಲೆ ತನ್ನ ಹೆಬ್ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡಳು.

ಜೆರಾಕ್ಸ್ ಮಾಡಿಸಿ ಮೊಹರಿಗೆ ಒಡ್ಡಿದಾಗ ಮುಖ್ಯ ಗ್ರಂಥಪಾಲಕಿ ಕೈ ಕಟ್ಟಿಕೊಂಡರು. "ಹಾಕಲ್ಲ. ಕಾರ್ಡು ಜ್ಯೋತಿಷ ಅನ್ನುತ್ತೆ. ಸಂಪುಟದ ಬೆನ್ನೂ ಜ್ಯೋತಿಷ ಅನ್ನುತ್ತೆ. ನಾಳೆ ಯಾರಾದ್ರೂ ವಿಚಾರಿಸಿದ್ರೆ, ಜಾತಕದ ಪುಸ್ತಕಕ್ಕೆ ಮೊಹರು ಒತ್ತಿದ್ದಾಳೆ ಅಂತ ನಾನು ನಗೆಪಾಟಲಾಗ್ತೀನಿ. ಒಂದು ಸಲ ಆಗಿದ್ದು ಸಾಕು. ಮೊದಲು ಕಾರ್ಡು ಸರಿಯಾಗಲಿ."

"ಸರಿ ಮಾಡಿ ಮತ್ತೆ," ಎಂದಳು ತಂಗಿಯ ಮಗಳು.

"ತಪ್ಪು ಬರೆದವರು ಬರೀಬೇಕು. ಕೆಂಪು ಶಾಯಿಯಲ್ಲಿ. ಬರೆದದ್ದನ್ನ ಎಲ್ಲರ ಮುಂದೆ ಓದಬೇಕು. ಆವತ್ತಿನ ಹಾಗೆ."

"ಅವರಿಗೆ ಎಪ್ಪತ್ತಮೂರು ವರ್ಷ," ಎಂದಳು ತಂಗಿಯ ಮಗಳು.

"ನನಗಾಗ ಇಪ್ಪತ್ತೆರಡು."

ನಾನು ಪೆನ್ನಿಗೆ ಕೈ ಚಾಚಿದೆ. ಅವರು ನಾಲ್ಕು ಜನ ಸಿಬ್ಬಂದಿಯನ್ನು ಕರೆಸಿದರು. ನನ್ನ ಕಾಲದವರು ಒಬ್ಬರೂ ಇರಲಿಲ್ಲ. ಬರೆದು, ಎದ್ದು ನಿಂತು ಓದಿದೆ: "ಗಣಕಧರ್ಮ. ವಿಷಯ: ಕಂಪ್ಯೂಟರ್ ಮತ್ತು ಸಮಾಜ. ಸಹಾಯಕಿ ಬರೆದದ್ದೇ ಸರಿ. ತೆರೆದು ನೋಡದೆ ಹೊಡೆದುಹಾಕಿದ್ದು ನನ್ನ ತಪ್ಪು. ಅವರಿಗೆ ಅಡ್ಡಹೆಸರಿಟ್ಟದ್ದೂ ತಪ್ಪು."

ಅಲ್ಲಿದ್ದ ಚಿಕ್ಕ ಗುಮಾಸ್ತೆ, ನಾನು ಓದಲು ಶುರುಮಾಡಿದೊಡನೆ, ಕಿಟಕಿಯ ಕಡೆ ತಿರುಗಿ ಪರದೆ ಸರಿಮಾಡುತ್ತಾ ನಿಂತಳು. ಪರದೆ ಸರಿಯಾಗಿಯೇ ಇತ್ತು. ನನ್ನ ಮುಖ ನೋಡಬಾರದೆಂದು ಹಾಗೆ ಮಾಡಿದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

"ಕೊನೇ ಸಾಲು ಕಾರ್ಡಿನಲ್ಲಿ ಬರಬೇಕಾಗಿರಲಿಲ್ಲ," ಎಂದರು ಮುಖ್ಯ ಗ್ರಂಥಪಾಲಕಿ.

"ನಾನು ಬರೆದಾಯಿತು."

ಅವರು ಮೊಹರನ್ನು ಎಷ್ಟು ಬಲವಾಗಿ ಕುಟ್ಟಿದರೆಂದರೆ ಮೇಜಿನ ಮೇಲಿದ್ದ ಕನ್ನಡಕ ಹಾರಿಬಿತ್ತು.

ಮರುದಿನ ಎಂಟಕ್ಕೇ ನಾವು ಆಸ್ಪತ್ರೆಯ ಆಡಳಿತ ಕಚೇರಿಯ ಬೆಂಚಿನ ಮೇಲಿದ್ದೆವು. ರಾತ್ರಿ ಸರಿಯಾಗಿ ಊಟ ಸೇರಿರಲಿಲ್ಲ, ಬೆಳಿಗ್ಗೆ ಏನೂ ಬೇಡವಾಗಿತ್ತು. ಹತ್ತೂಮುಕ್ಕಾಲಿಗೆ ಮುಖ್ಯ ಗ್ರಂಥಪಾಲಕಿ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಸಂಪುಟ.

"ಜೆರಾಕ್ಸಲ್ಲಿ ಎರಡು ಸಾಲು ಮಸುಕಾಗಿದೆ," ಎಂದರು. "ಕಟ್ಟಿದ ಸಂಪುಟ ಸಿಬ್ಬಂದಿ ಜೊತೆಗಿಲ್ಲದೆ ಹೊರಗೆ ಹೋಗೋ ಹಾಗಿಲ್ಲ. ನಿಮಗೋಸ್ಕರ ಬಂದೆ ಅಂದ್ಕೋಬೇಡಿ."

ಅಂದುಕೊಳ್ಳಲಿಲ್ಲ ಎಂದೆ.

ಒಳಗೆ ಅಧ್ಯಕ್ಷರು ಸಂಪುಟದ ಬೆನ್ನು ನೋಡಿ ಪಕ್ಕದಲ್ಲಿದ್ದ ಸಿಬ್ಬಂದಿ ಅಧಿಕಾರಿಗೆ ತೋರಿಸಿದರು. "ಜ್ಯೋತಿಷ. ಈ ಯಮ್ಮನ ಗ್ರಹಚಾರ ಇದರಲ್ಲಿದೆಯಂತೆ." ಅಧಿಕಾರಿ ಹೊಟ್ಟೆ ಕುಲುಕಿಸಿ ನಕ್ಕರು.

ನಾನು ಬಾಗಿಲ ಬಳಿಯ ಕುರ್ಚಿಯಿಂದ ಏಳಬೇಕೆನ್ನುವಷ್ಟರಲ್ಲಿ ಮುಖ್ಯ ಗ್ರಂಥಪಾಲಕಿ ಎದ್ದು ನಿಂತಿದ್ದರು. "ಅದು ನಮ್ಮ ಲೈಬ್ರರಿಯ ತಪ್ಪು, ಸರ್. ತಿದ್ದಿದ್ದೇವೆ. ಕಾರ್ಡು ಇಲ್ಲಿದೆ. ನಾವು ಮನುಷ್ಯರು, ತಪ್ಪನ್ನ ಬರೆದು ಒಪ್ಪಿಕೊಂಡಿದ್ದೀವಿ. ನಿಮ್ಮ ಯಂತ್ರ ಒಪ್ಪಿಕೊಳ್ಳುತ್ತಾ ಕೇಳಿ. ಎಪ್ಪತ್ತೊಂದನೇ ಪುಟ."

ಯಾರ ತಪ್ಪು ಎಂದು ಅವರು ಹೇಳಲಿಲ್ಲ. ನಮ್ಮ ತಪ್ಪು ಎಂದರು.

ಅಧ್ಯಕ್ಷರು ಕಾರ್ಡು ಓದಿದರು. ಪುಟ ಎಪ್ಪತ್ತೊಂದು ಓದಿದರು. ಓದುತ್ತಾ ಬೆನ್ನು ನೇರ ಮಾಡಿಕೊಂಡರು. ಆಮೇಲೆ ಯಂತ್ರ ತರಿಸಿದರು. ತಂಗಿಯ ಮಗಳು ಹತ್ತು ಸಲ ಒತ್ತಿದಳು. ಎರಡು ಸಲ ಅದು ಅವಳನ್ನು ಗುರುತಿಸಿತು. ಎಂಟು ಸಲ ಕೆಂಪು ದೀಪ ಹತ್ತಿ ಕೀಂ ಎಂದಿತು.

"ಬೇಕಂತ್ಲೇ ಓರೆಯಾಗಿ ಒತ್ತುತ್ತಿದ್ದಾಳೆ," ಎಂದರು ಸಿಬ್ಬಂದಿ ಅಧಿಕಾರಿ.

ಅಧ್ಯಕ್ಷರು ಎದ್ದು ಬಂದು ಅವಳ ಹೆಬ್ಬೆರಳನ್ನು ತಾವೇ ಹಿಡಿದು ಗಾಜಿನ ಮೇಲೆ ಒತ್ತಿದರು. ಕೀಂ. ಮತ್ತೆ ಒತ್ತಿದರು. ಕೀಂ. ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಗೆರೆಯೇ ಇಲ್ಲವಲ್ಲ ಇಲ್ಲಿ," ಎಂದರು.

"ನಿಮ್ಮ ಆಸ್ಪತ್ರೆಯ ಸೋಪು, ಸರ್," ಎಂದಳು ಅವಳು.

ವಜಾ ನೋಟಿಸು ರದ್ದಾಯಿತು. ನಲವತ್ತೊಂದು ದಿನಗಳನ್ನು ಔಷಧಿ ಚಾರ್ಟಿನ ಸಹಿಗಳ ಜೊತೆ ತಾಳೆ ನೋಡಬೇಕು, ಅವಳಿಗೆ ಇನ್ನು ಮುಂದೆ ಸಹಿ ಪುಸ್ತಕ ಇಡಬೇಕು ಎಂದು ಬರೆಸಿದರು. ಸಿಬ್ಬಂದಿ ಅಧಿಕಾರಿ ಆದೇಶದ ಪ್ರತಿಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲೆ ಎಸೆದರು. "ಎರಡು ಗಂಟೆ ಪಾಳಿ ನಿಮ್ಮದೇ. ಒಂದೂಮುಕ್ಕಾಲಾಯ್ತು. ಇವತ್ತು ತಡ ಆದ್ರೆ ಅದು ಯಂತ್ರದ ತಪ್ಪಲ್ಲ."

ಅವಳು ಮೊಗಸಾಲೆಯಲ್ಲಿ ನನ್ನನ್ನು ದಾಟಿ ಓಡಿದಳು. ತಿರುವಿನಲ್ಲಿ ನಿಂತು, ವಾಪಸು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟಳು. "ಮನೆಗೆ ಬಂದ ಮೇಲೆ ನಿನಗೆ ಇದೆ, ಕೆಂಪು ಶಾಯಿ ದೊಡ್ಡಮ್ಮ," ಎಂದು ಮತ್ತೆ ಓಡಿದಳು. ಅವಳ ಕೋಪ ಎಷ್ಟು, ತಮಾಷೆ ಎಷ್ಟು ಎಂದು ನನಗೆ ಇನ್ನೂ ತಿಳಿದಿಲ್ಲ.

ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಮುಖ್ಯ ಗ್ರಂಥಪಾಲಕಿ ಸಂಪುಟಕ್ಕೆ ಬಟ್ಟೆ ಸುತ್ತಿ ಗಂಟು ಹಾಕಿದರು.

"ನಾನು ಮರೆತಿಲ್ಲ," ಎಂದರು ಗಂಟನ್ನೇ ನೋಡುತ್ತಾ. "ಒಂದು ಕಾರ್ಡು ಓದಿದ್ರಿ ಅಂತ ಮರೆಯೋದೂ ಇಲ್ಲ."

"ಮರೆಯಬೇಡಿ," ಎಂದೆ. ಏಳಲು ಹೋದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಬೆಂಚಿನ ಅಂಚು ಹಿಡಿದು ಮತ್ತೆ ಕೂತೆ.

ಅವರು ಗಡಿಯಾರ ನೋಡಿಕೊಂಡರು. ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚ ಒರೆಸಿ ಅನ್ನದ ಪಕ್ಕದಲ್ಲಿಟ್ಟು, ಅದನ್ನು ನನ್ನ ಮಡಿಲಲ್ಲಿ ನೇರವಾಗಿ ಕೂರಿಸಿದರು. ಆಮೇಲೆ ಸಂಪುಟವನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದು ಹೋದರು.